ಗಾಲಿಮನೆಯ ತಾಮ್ರದ ಕೊಡ

ನಾನು ಬೆಳೆದ ಮನೆಗೆ ಕಬ್ಬಿಣದ ನಾಲ್ಕು ಗಾಲಿಗಳಿದ್ದವು. ಅಪ್ಪ ಸರಕಾರದ ರಸ್ತೆ ಕೆಲಸದಲ್ಲಿ ಉಗಿಯ ರೋಲರ್ ನಡೆಸುತ್ತಿದ್ದ. ಮುಂದೆ ರೋಲರ್, ಅದರ ಬೆನ್ನಿಗೆ ನೀರಿನ ಟಾಕಿ ಹೊತ್ತ ಗಾಡಿ, ಟಾಕಿಯ ಬೆನ್ನಿಗೆ ನಮ್ಮ ಮನೆ. ಮೂರಕ್ಕೂ ಕೊಂಡಿ ಹಾಕಿ ಎಳೆದುಕೊಂಡು ಹೋಗುವುದು. ಹಲಗೆಯ ಗೋಡೆ, ತಗಡಿನ ಮಾಡು, ಹಿಂದೊಂದು ಬಾಗಿಲು, ಮುಖ ಹೊರಗೆ ಹಾಕುವಷ್ಟು ಕಿಟಕಿ. ರಸ್ತೆ ಎಲ್ಲಿ ಕೆಟ್ಟಿದೆಯೋ ಅಲ್ಲಿ ನಮ್ಮ ಸಂಸಾರ. ರಸ್ತೆ ಸರಿಯಾಯಿತೆಂದರೆ ಅಲ್ಲಿಂದ ಎದ್ದೆವು ಎಂದೇ ಅರ್ಥ. ಒಳ್ಳೆಯ ರಸ್ತೆಯ ಮಗ್ಗುಲಲ್ಲಿ ನಾವು ಬಾಳಿದ್ದು ನೆನಪಿಲ್ಲ.

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೋಲೀಸ್ ಕಾರ್ಯಾಚರಣೆ ಮುಗಿದು ಮಿಲಿಟರಿ ಲಾರಿಗಳು ಓಡಾಡಿದ ಮೇಲೆ, ಕಲಬುರಗಿಯಿಂದ ಕಮಲಾಪುರದ ಕಡೆ ಹೋಗುವ ರಸ್ತೆ ಉತ್ತ ಹೊಲದಂತಾಗಿತ್ತು. ಆಗ ನಮ್ಮನ್ನು ಅಲ್ಲಿಗೆ ಹಾಕಿದರು. ಅಪ್ಪ, ಅವ್ವ, ನಾನು, ಮತ್ತು ಇಂಜಿನ್ನಿಗೆ ಬೆಂಕಿ ಹಾಕುವ ಚಾಚಾ. ಚಾಚಾ ಬೀದರ ಕಡೆಯವರು. ಆ ಗಲಭೆಯ ಮೇಲೆ ತಮ್ಮ ಊರಿನ ಮಾತು ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಟಾಕಿಯ ಗಾಡಿಯ ಕೆಳಗೆ ಅವರ ಹಾಸಿಗೆ.

ಅಂಥ ಮನೆಯಲ್ಲಿ ಅವ್ವನಿಗೆ ಅಡುಗೆಗಿಂತ ನೀರು ಕಾಯುವುದೇ ದೊಡ್ಡ ಕೆಲಸ. ಒಂದು ಕಲ್ಲು ಗಾಲಿಗೆ ಸಿಕ್ಕರೆ ಇಡೀ ಮನೆ ಎದ್ದು ಕೂಡುತ್ತಿತ್ತು. ಕೊಡವನ್ನು ನೆಲಕ್ಕಿಟ್ಟರೆ ಮಧ್ಯಾಹ್ನದೊಳಗೆ ಅರ್ಧವಾಗಿ, ನಮ್ಮ ಹಾಸಿಗೆ ತೊಯ್ದಿರುತ್ತಿತ್ತು. ಅದಕ್ಕೇ ಕುಡಿಯುವ ನೀರನ್ನು ಮಾಡಿನ ತೊಲೆಗೆ ಹಗ್ಗದ ನೆಲುವು ಕಟ್ಟಿ ತೂಗುಬಿಡುತ್ತಿದ್ದಳು. ನೀರಿನ ಮೇಲೆ ಮುತ್ತಲ ಎಲೆ ತೇಲಿಬಿಟ್ಟರೆ ತುಳುಕು ಕಡಿಮೆ. ಬಾಯಿಗೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಬಿಗಿದು ಕಟ್ಟಿದ ಹಗ್ಗ. ಮನೆ ಎಷ್ಟೇ ಕುಣಿದರೂ ಕೊಡ ತನ್ನ ಪಾಡಿಗೆ ತಾನು ತೂಗಿಕೊಂಡಿರುತ್ತಿತ್ತು.

“ಬೇಟಿ, ನಿಮ್ಮವ್ವ ನೀರಿಗಿ ಜೋಗುಳ ಹಾಡಾದೊಂದು ಬಾಕಿ ಅದ ನೋಡು,” ಎಂದು ಚಾಚಾ ನಗುತ್ತಿದ್ದರು.

ಅವ್ವ ಒಳಗಿನಿಂದಲೇ ಅನ್ನುವಳು: “ನಿಮ್ಮ ಇಂಜಿನ್ನಿಗಿ ನೀವು ಹಾಡ್ರಿ ಚಾಚಾ. ಎಷ್ಟ್ ಕುಡದ್ರೂ ಅಳಾದು ಬಿಡಂಗಿಲ್ಲ ಅದು.”

ನೀರಲ್ಲಿ ನಮಗೆ ಎರಡೇ ಬಗೆ: ಸಿಹಿ, ಸವಳು. ಸವಳು ನೀರು ಕುಡಿದರೆ ಇಂಜಿನ್ನಿನ ಹೊಟ್ಟೆಯಲ್ಲಿ ಸುಣ್ಣದಂಥ ಪೊರೆ ಕಟ್ಟುತ್ತದೆ. ಮನುಷ್ಯರು ಕುಡಿಯುತ್ತಾರೆ, ಆದರೆ ಅದರಲ್ಲಿ ತೊಗರಿ ಬೇಳೆ ಬೇಯುವುದಿಲ್ಲ. ಎಷ್ಟು ಹೊತ್ತು ಕುದಿಸಿದರೂ ಬೇಳೆ ಬೇಳೆಯಾಗಿ, ನೀರು ನೀರಾಗಿ ನಿಂತಿರುತ್ತದೆ. ಕಲಬುರಗಿಯ ಬ್ರಹ್ಮಪುರದಲ್ಲಿ ದೊಡ್ಡಪ್ಪನ ಮನೆಯ ಓಣಿಯ ಬಾವಿ ಅಂಥದ್ದು. ಅಪ್ಪನ ತಾಯಿ, ನಮ್ಮ ಆಯಿ, ಆ ಮನೆಯಲ್ಲಿದ್ದಳು. ಆಯಿಯ ತವರು ಕಮಲಾಪುರ. ಮದುವೆಯಾಗಿ ಬಂದಂದಿನಿಂದ ಅವಳು ಊಟಕ್ಕೆ ಕೂತಾಗಲೆಲ್ಲ ಅದೇ ಮಾತು: “ನಮ್ಮ ಬಾವಿ ನೀರಾಗ ಬ್ಯಾಳಿ ಹಾಕಿ ತಿರಗಿ ನೋಡೂದ್ರಾಗ ಬೆಣ್ಣಿ ಆಗಿರ್ತದ.” ದೊಡ್ಡವ್ವ ಅದನ್ನು ಕೇಳಿ ಕೇಳಿ, “ನಿಮ್ಮ ಬಾವಿ ವರದಕ್ಷಿಣಿಯಾಗ ತರಬೇಕಿತ್ತಲ್ರಿ ಅತ್ತಿ,” ಅನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ಆಯಿ ಹಾಸಿಗೆ ಹಿಡಿದಳು. ನಾವು ಕಮಲಾಪುರದ ಹತ್ತಿರ ಇದ್ದೆವು. ಬಸ್ಸಿನವನ ಕೈಯಲ್ಲಿ ದೊಡ್ಡಪ್ಪ ಹೇಳಿ ಕಳಿಸಿದ: ಆಯಿ ಅನ್ನ ಬಿಟ್ಟಿದ್ದಾಳೆ, ತವರ ಬಾವಿಯ ನೀರು ಬೇಕು ಅನ್ನುತ್ತಾಳೆ. ಅವ್ವ ಒಂದು ತಂಬಿಗೆ ತುಂಬಿ, ಬಾಯಿ ಬಿಗಿದು, ಅದೇ ಬಸ್ಸಿನಲ್ಲಿ ಕೊಟ್ಟು ಕಳಿಸಿದಳು. ಮರುದಿನ ಬರಿ ತಂಬಿಗೆ ವಾಪಸು ಬಂತು.

“ಒಂದು ಕೂಸು ಅಳ್ಲಾಕತ್ತಿತ್ರಿ. ನೀರು ಕೇಳ್ದೋರಿಗಿ ಇಲ್ಲ ಅನ್ಲಾಕ ಬರ್ತದೇನ್ರಿ?” ಎಂದ ಬಸ್ಸಿನವನು.

ಅಪ್ಪನೂ ಅವ್ವನೂ ಒಪ್ಪಿದರು. ಇಲ್ಲ ಅನ್ನಲಿಕ್ಕೆ ಬರುವುದಿಲ್ಲ.

ಅವನೇ ಇನ್ನೊಂದು ಮಾತು ತಂದಿದ್ದ. ಆಯಿ ಬಹಳ ದಿನ ಉಳಿಯುವ ಲಕ್ಷಣವಿಲ್ಲ, ನೀರು ಸಣ್ಣ ಮಗನೇ ತಂದು ತನ್ನ ಕೈಯಾರೆ ಬಾಯಿಗೆ ಬಿಡಬೇಕಂತೆ. ಸಣ್ಣ ಮಗ ಎಂದರೆ ಅಪ್ಪ. ಇಂಜಿನ್ ಅವನ ಸುಪರ್ದಿನಲ್ಲಿತ್ತು, ಬಿಟ್ಟು ಹೋಗುವ ಹಾಗಿರಲಿಲ್ಲ. ಆದರೆ ಆ ವಾರವೇ ಇಂಜಿನ್ನನ್ನು ರಿಪೇರಿಗೆ ಕಲಬುರಗಿಗೆ ತರಬೇಕೆಂದು ಹುಕುಂ ಬಂತು. ಅವ್ವ ದೇವರಿಗೆ ಕೈ ಮುಗಿದಳು. ರೋಲರಿನ ನಡಿಗೆ ಎಂದರೆ ಮುದುಕರ ನಡಿಗೆ. ಆದರೂ ನಡೆಯುತ್ತದಲ್ಲ.

ಹೊರಡುವ ಬೆಳಿಗ್ಗೆ ಅಪ್ಪನೂ ನಾನೂ ಆ ಬಾವಿಗೆ ಹೋದೆವು. ಆಯಿಯ ಅಣ್ಣತಮ್ಮಂದಿರು ಯಾರೂ ಉಳಿದಿರಲಿಲ್ಲ. ಬಾಳೆಯ ತೋಟ ಬೇರೆಯವರದಾಗಿತ್ತು. ಆಯಿ ಯಾವಾಗಲೂ ಹೇಳುತ್ತಿದ್ದ ಹುಣಸೆ ಮರ ಕಡಿದು ಬರಿ ಬೊಡ್ಡೆ ನಿಂತಿತ್ತು. ತೋಟದವನು, “ತುಂಬಕೊಳ್ರಿ, ನೀರಿಗೇನು ಕೇಳಾದು,” ಅಂದ. ಅಪ್ಪ ತಾಮ್ರದ ಕೊಡವನ್ನು ಹುಣಸೆಹಣ್ಣಿನಿಂದ ತಾನೇ ಬೆಳಗಿದ. ನೀರು ಸೇದಿ ತುಂಬಿದ. ಅಂಗೈಯಲ್ಲಿ ತೆಗೆದು ನನಗೂ ಒಂದು ಗುಟುಕು ಕುಡಿಸಿದ. ನಿಜಕ್ಕೂ ಸಿಹಿ. ಅವ್ವ ಆ ಕೊಡವನ್ನು ನೆಲುವಿಗೆ ಏರಿಸಿದಳು. ಮನೆಯ ನೀರನ್ನೆಲ್ಲ ಬೇರೆ ಪಾತ್ರೆಗಳಲ್ಲಿ ಮೂಲೆಗೆ ಒತ್ತರಿಸಿದಳು.

ಮೊದಲ ದಿನ ಚೆನ್ನಾಗಿ ನಡೆಯಿತು. ನಾನು ಕೊಡದ ಕೆಳಗೆ ಕೂತು ಕಣ್ಣಿಟ್ಟಿದ್ದೆ. ಒಂದು ಹನಿ ಬೀಳಲಿಲ್ಲ. ಎರಡನೆಯ ದಿನ ಕೆಂಪು ಮಣ್ಣು ಹಿಂದಾಗಿ ಕರಿಮಣ್ಣಿನ ಬಯಲು ಶುರುವಾಯಿತು. ಅಲ್ಲಿ ರಸ್ತೆ ಎಂಬುದು ಲಾರಿಯ ಗಾಲಿ ತೋಡಿದ ಕಾಲುವೆಗಳು, ನಡುನಡುವೆ ಎದ್ದು ನಿಂತ ಜಲ್ಲಿಕಲ್ಲು. ಮಧ್ಯಾಹ್ನದ ಹೊತ್ತಿಗೆ ಇಂಜಿನ್ ನಿಂತಿತು. ಚಾಚಾ ನೀರು ಹಿಡಿಯಲು ಹಿಂದೆ ಬಂದವರು ಟಾಕಿಯ ಕೆಳಗೆ ಬಗ್ಗಿ ಹಾಗೇ ಉಳಿದರು.

“ಉಸ್ತಾದ್, ಟಾಕಿ ಖಾಲಿ.”

“ಖಾಲಿ ಹ್ಯಾಂಗ ಆಗ್ತದ? ಮುಂಜಾನಿ ತುಂಬೀವಲ್ಲ.”

“ನಳಾನೇ ಇಲ್ಲ. ಕಲ್ಲಿಗಿ ಬಡದು ಕಿತಕೊಂಡು ಹೋಗ್ಯಾದ.”

ಹಿಂತಿರುಗಿ ನೋಡಿದರೆ ರಸ್ತೆ ಒಣಗಿಯೇ ಇತ್ತು. ಎಲ್ಲಿ ಸೋರಿತೋ, ಆ ಮಣ್ಣು ಆಗಲೇ ಕುಡಿದು ಮುಗಿಸಿತ್ತು. ಕಣ್ಣಿಗೆ ಕಾಣುವಷ್ಟು ದೂರ ಊರಿಲ್ಲ, ಬಾವಿಯಿಲ್ಲ, ಹಳ್ಳ ಬತ್ತಿ ಬರಿ ಮರಳು.

ಇಂಜಿನ್ನಿನ ಒಲೆಯ ಮೇಲ್ಗಡೆ ಸೀಸದ ಒಂದು ಬಿರಡೆ ಇರುತ್ತದೆ. ಒಳಗಿನ ನೀರು ಇಳಿದು ಬಿರಡೆಯ ಮೇಲೆ ನೀರಿಲ್ಲವಾದರೆ ಸೀಸ ಕರಗಿ, ಉಗಿಯೆಲ್ಲ ಒಲೆಗೆ ನುಗ್ಗಿ, ಇಂಜಿನ್ ಅಲ್ಲೇ ಸಾಯುತ್ತದೆ. ಸೀಸ ಕರಗಿಸಿದ ಡ್ರೈವರನಿಗೆ ಮತ್ತೆ ಇಂಜಿನ್ ಕೊಡುವುದಿಲ್ಲ. ಹೊಸ ಸರಕಾರ ಹಳೆಯ ನೌಕರರನ್ನು ಒಬ್ಬೊಬ್ಬರನ್ನಾಗಿ ತೂಗಿ ನೋಡುತ್ತಿದ್ದ ಕಾಲ ಅದು. ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯಲ್ಲಿ ನೀರು ತಳದಲ್ಲಿ ನಡುಗುತ್ತಿತ್ತು. ಚಾಚಾ ಉರಿಯುವ ಕಲ್ಲಿದ್ದಲನ್ನು ರಸ್ತೆಗೆ ಎಳೆದು ಹಾಕಿದರು. ಆದರೆ ಅಷ್ಟು ಕಾದ ಕಬ್ಬಿಣ ಬೆಂಕಿ ತೆಗೆದ ಕೂಡಲೇ ಆರುವುದಿಲ್ಲ.

“ಮನ್ಯಾಗ ಇದ್ದಷ್ಟು ನೀರು ತಾ,” ಅಂದ ಅಪ್ಪ.

ಅವ್ವ ಕೊಟ್ಟಳು. ಕುಡಿಯುವ ಹಂಡೆ, ಮುಖ ತೊಳೆಯುವ ಬಕೆಟ್ಟು, ಚಾಚಾರ ಚರ್ಮದ ನೀರಿನ ಚೀಲ. ಅಕ್ಕಿ ತೊಳೆದ ನೀರನ್ನೂ ತಂದಳು, “ಅದು ಬ್ಯಾಡ, ನಳಿಗಿ ಕಟ್ತದ,” ಎಂದು ಅಪ್ಪ ತಿರುಗಿಸಿದ. ಗಾಜಿನಲ್ಲಿ ನೀರು ಒಂದು ಕೂದಲಷ್ಟು ಏರಿ ಮತ್ತೆ ಇಳಿಯಿತು.

“ಇನ್ನಾ?”

“ಇನ್ನ ಆಯಿದಷ್ಟೇ ಅದ.”

ಚಾಚಾ ಅಪ್ಪನ ಮುಂಗೈ ಹಿಡಿದರು. “ಅದು ಬ್ಯಾಡ ಉಸ್ತಾದ್. ಅಮ್ಮಾಂದು ಅದ. ಹೋದ್ರ ಸೀಸ ಹೋಗ್ಲಿ.”

“ಸೀಸ ಹೋದ್ರ ನೀವೆಲ್ಲಿ ಹೋಗ್ತೀರಿ ಚಾಚಾ? ಮಲಕೊಳ್ಳಾಕ ಟಾಕಿ ಬುಡಾನಾದ್ರೂ ಇರಬ್ಯಾಡೇನು?”

ಚಾಚಾ ಕೈ ಬಿಟ್ಟರು. ಅಪ್ಪ ಮನೆಯೊಳಗೆ ಬಂದು ನೆಲುವಿನ ಹಗ್ಗ ತಾನೇ ಬಿಚ್ಚಿದ. ಮುತ್ತಲ ಎಲೆಗಳನ್ನು ಒಂದೊಂದಾಗಿ ತೆಗೆದು ಅವ್ವನ ಕೈಗೆ ಕೊಟ್ಟ. ಆಮೇಲೆ ಕೊಡವನ್ನು ಹೊತ್ತು ಹೋಗಿ ಇಂಜಿನ್ನಿಗೆ ಸುರಿದ. ಅವ್ವ ಒದ್ದೆ ಎಲೆಗಳನ್ನು ಹಿಡಿದುಕೊಂಡು ನಿಂತೇ ಇದ್ದಳು.

ಸೀಸ ಉಳಿಯಿತು. ಸಂಜೆಗೆ ಚಾಚಾ ಎಲ್ಲಿಂದಲೋ ಒಂದು ಎತ್ತಿನ ಗಾಡಿಯಲ್ಲಿ ಪೀಪಾಯಿ ನೀರು ತಂದರು. ಟಾಕಿಗೆ ಕಟ್ಟಿಗೆಯ ಗೂಟ ಜಡಿದರು.

“ನಾ ತಿರಗಿ ಕಮಲಾಪುರಕ್ಕ ಹೋಗಿ ತರ್ತೀನ್ರಿ,” ಅಂದಳು ಅವ್ವ.

“ಬಸ್ಸು ಇನ್ನ ನಾಳಿಗೇ. ನೀ ಹೋಗಿ ಬರೂತನ ಆಯಿ ತಡೀತಾಳ? ಮುಖನಾದ್ರೂ ನೋಡಾಮಿ ನಡಿ.”

ಖಾಲಿ ಕೊಡ ಮತ್ತೆ ನೆಲುವಿಗೆ ಹೋಯಿತು. ಬೇರೆ ನೀರು ಹಾಕಲಿಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ತುಂಬಿದಾಗ ಸುಮ್ಮನೆ ತೂಗುತ್ತಿದ್ದದ್ದು ಈಗ ಪ್ರತಿ ಕುಲುಕಿಗೂ ಹಲಗೆಗೆ ಬಡಿದು ಸದ್ದು ಮಾಡುತ್ತಿತ್ತು.

ಕಲಬುರಗಿ ಮುಟ್ಟಿ, ಇಂಜಿನ್ ಒಪ್ಪಿಸಿ, ಬ್ರಹ್ಮಪುರಕ್ಕೆ ನಡೆದೆವು. ಕೊಡ ಅವ್ವನ ಕಂಕುಳಲ್ಲಿತ್ತು. ಓಣಿಯ ಬಾವಿ ಬಂದಾಗ ಅವಳು ನಿಂತಳು. “ಖಾಲಿ ಕೊಡ ಹಿಡಕೊಂಡು ಬ್ಯಾನಿ ಬಿದ್ದೋರ ಮನಿ ಹೊಗಬಾರದ್ರಿ,” ಎಂದು ಅಲ್ಲೇ ಯಾರದೋ ಹಗ್ಗ ಕೇಳಿ ಸೇದಿ ಕೊಡ ತುಂಬಿಕೊಂಡಳು. ಅಷ್ಟೇ. ಅವಳ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಅಪ್ಪನೂ ಹೂಂ ಅಂದ.

ಹೊಸ್ತಿಲಲ್ಲಿ ದೊಡ್ಡವ್ವ ನಮ್ಮನ್ನು ನೋಡಿದಳು. ನಮಗಿಂತ ಮೊದಲು ಕೊಡವನ್ನು ನೋಡಿದಳು. ಒಳಗೆ ತಿರುಗಿ ಕೂಗಿಯೇಬಿಟ್ಟಳು: “ಅತ್ತೀ, ಕಣ್ ತೆರೀರಿ! ನಿಮ್ಮ ತವರ ನೀರು ಬಂತು! ಮಗಾ ತಂದಾನ!”

ಆಯಿ ಕಣ್ಣು ತೆರೆದಳು. ಅವಳು ನಕ್ಕದ್ದನ್ನು ನಾನು ನೋಡಿದೆ. ಆ ಮುಖದ ಮುಂದೆ ನಿಂತು, ಅಲ್ಲ ಆಯಿ, ಇದು ನಿನ್ನ ಓಣಿಯ ನೀರು ಎಂದು ಯಾರು ಹೇಳಬೇಕು? ಅಪ್ಪ ಅವ್ವನ ಕಡೆ ನೋಡಿದ. ಅವ್ವ ನೆಲ ನೋಡಿದಳು. ದೊಡ್ಡವ್ವ ಆಗಲೇ ಚಮಚೆ ತಂದು ಅಪ್ಪನ ಕೈಗೆ ಇಟ್ಟಿದ್ದಳು.

“ಹುಣಸಿ ಗಿಡ ಅದ ಏನೋ?” ಎಂದು ಆಯಿ ಕೇಳಿದಳು.

“ಅದ.”

“ಹಕ್ಕಿ ಕೂಡ್ತಾವ?”

“ಕೂಡ್ತಾವವ್ವ.”

ಅಪ್ಪ ಚಮಚೆಯಿಂದ ನೀರು ಬಿಟ್ಟ. ಆಯಿ ಅದನ್ನು ಬಾಯಲ್ಲಿ ಇಟ್ಟುಕೊಂಡಳು. ತಡವಾಗಿ ನುಂಗಿದಳು. ಇನ್ನೊಂದು ಚಮಚೆಗೆ ಬಾಯಿ ತೆರೆದು, ಅದನ್ನೂ ನುಂಗಿದಳು. ಮಗನ ಮೇಲೆ ಅವಳಿಗೆ ಸಂಶಯವೇ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

“ಸವಳಾಗ್ಯಾದೋ,” ಅಂದಳು. “ನಮ್ಮ ಬಾವೀನೂ ಸವಳಾಯ್ತು.”

ಆಮೇಲೆ ಗೋಡೆಯ ಕಡೆ ಹೊರಳಿದಳು.

ಅವಳು ಆ ವಾರ ಸಾಯಲಿಲ್ಲ. ಮಳೆಗಾಲದವರೆಗೂ ಇದ್ದಳು. ಗಂಜಿ ಕುಡಿಸಿದರೆ ಕುಡಿದಳು. ತವರಿನ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಯಾರೋ ಕಮಲಾಪುರದ ಕೆಂಪು ಬಾಳೆಹಣ್ಣು ತಂದುಕೊಟ್ಟರೆ, “ಹುಡುಗರಿಗಿ ಕೊಡ್ರಿ,” ಎಂದು ಸರಿಸಿದಳು. ಬೇಳೆ ಬೆಂದಿಲ್ಲವೆಂದೂ ದೂರುತ್ತಿರಲಿಲ್ಲ. ದೊಡ್ಡವ್ವ ಒಮ್ಮೆ ಬೇಕೆಂದೇ, “ಯಾಕ್ರಿ ಅತ್ತಿ, ಇವತ್ತು ಬ್ಯಾಳಿಗಿ ಏನೂ ಅನ್ಲಿಲ್ಲಲ್ರಿ?” ಎಂದು ಕೆಣಕಿದಳು. ಆಯಿ ಬೇಳೆ ನುಂಗಿ ಇನ್ನೊಂದು ತುತ್ತಿಗೆ ಬಾಯಿ ತೆರೆದಳು. ದೊಡ್ಡವ್ವ ಒಲೆಯ ಮುಂದೆ ಹೋಗಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇಂಜಿನ್ ರಿಪೇರಿಯಲ್ಲಿದ್ದಾಗ ಅಪ್ಪ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದ. ಅದೇ ಬಾವಿಯಲ್ಲಿ ಅದೇ ಕೊಡ ತುಂಬಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದ. ಆಯಿಯ ತಲೆ ಎತ್ತಿ ಹಿಡಿದು, “ಇದು ಖರೇ ನೀರವ್ವ. ಅವತ್ತಿಂದು ಅಲ್ಲ,” ಅಂದ. ಇಂಜಿನ್ನಿನ ಕತೆಯನ್ನೂ ಹೇಳಿದ. ಆಯಿ ಅದನ್ನೆಲ್ಲ ಕೇಳಿದಳು. ಮಗ ತನ್ನನ್ನು ಸಮಾಧಾನ ಮಾಡಲು ಕತೆ ಕಟ್ಟುತ್ತಿದ್ದಾನೆ ಎಂದುಕೊಂಡಳು.

“ಇರ್ಲಿ ಬಿಡೋ ಅಪ್ಪಾ,” ಎಂದು ಅವನ ಕೈ ಸವರಿದಳು. ನೀರಿಗೆ ತುಟಿ ತೆರೆಯಲಿಲ್ಲ.

ಕೊಡ ಸಂಜೆಯವರೆಗೆ ಮೂಲೆಯಲ್ಲಿತ್ತು. ಚೆಲ್ಲುವ ಹಾಗಿಲ್ಲ, ಇಡುವ ಹಾಗಿಲ್ಲ. ಕೊನೆಗೆ ದೊಡ್ಡವ್ವ ಆ ನೀರಲ್ಲಿ ಬೇಳೆ ಬೇಯಲಿಟ್ಟಳು. ಆಯಿ ಆ ಹೊತ್ತು ನಿದ್ದೆ ಹೋಗಿದ್ದಳು, ಎಬ್ಬಿಸಲಿಲ್ಲ. ನಾವೆಲ್ಲ ಉಣ್ಣಲು ಕೂತೆವು. ಬೇಳೆ ಬೆಣ್ಣೆಯಂತೆ ಬೆಂದಿತ್ತು.