ಹದಿನೈದು ಮೀಟರ್ ಈಚೆಗೆ

ಗ್ರೀಸಿನ ದಕ್ಷಿಣದ ಪೆಲೊಪೊನೀಸಿನ ಪುರಾತನ ಓಟದ ಕಣಗಳ ಬಗ್ಗೆ ಯಾರೇ ಬರೆಯಲಿ, ಶ್ರೀಮತಿ ಥೆಯೊಪಿಸ್ತಿ ಗಲಾನು ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಮೂವತ್ತೆಂಟು ವರ್ಷ ನಮ್ಮ ಪುರಾತತ್ವ ಕಚೇರಿಯಲ್ಲಿ ದುಡಿದು, ಅದರಲ್ಲಿ ಮುಕ್ಕಾಲು ಪಾಲನ್ನು ವ್ರಿಸೂಲದ ಕ್ರೀಡಾಂಗಣದ ಮಣ್ಣಿನಲ್ಲೇ ಕಳೆದು, ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಬರೆಯುವ ಭಾಗ್ಯ ಶಿಷ್ಯನಾದ ನನ್ನದು. ಹೊಗಳಿಕೆ ಅವರಿಗೆ ಆಗಿಬರುವುದಿಲ್ಲ. ಆದ್ದರಿಂದ ಅವರು ಮಾಡಿದ ಒಂದು ತಪ್ಪಿನ ಕಥೆಯನ್ನೇ ಹೇಳುತ್ತೇನೆ.

ನಾನು ವಿದ್ಯಾರ್ಥಿಯಾಗಿ ಬಂದಾಗ, ಓಟ ಶುರುವಾಗುವ ಕಲ್ಲುಸಾಲು, ಓಟಗಾರರು ಕಾಲ್ಬೆರಳು ಊರುತ್ತಿದ್ದ ಗೀರುಗಳ ಸಮೇತ, ಸಿಕ್ಕಿ ಹನ್ನೊಂದು ವರ್ಷವಾಗಿತ್ತು. ಮುಗಿಯುವ ಸಾಲು ಮಾತ್ರ ಸಿಕ್ಕಿರಲಿಲ್ಲ. ಆರುನೂರು ಅಡಿಯ ಓಟ. ಒಲಿಂಪಿಯಾದ ಅಡಿಯಲ್ಲಿ ಅಳೆದರೆ ನೂರತೊಂಬತ್ತೆರಡು ಮೀಟರ್. ಅಲ್ಲಿ ಅಗೆದಾಗ ಬರೀ ಮರಳು ಬಂದದ್ದರಿಂದ, ಪೂರ್ವದ ತುದಿಯನ್ನು ಹಳ್ಳ ಕೊಚ್ಚಿಕೊಂಡು ಹೋಗಿದೆಯೆಂದು ಮೇಡಂ ಪುಸ್ತಕ ಬರೆದರು. ಪುಸ್ತಕಕ್ಕೆ ಒಳ್ಳೆಯ ಹೆಸರು ಬಂತು. ಅದನ್ನೇ ನಂಬಿ ಸರ್ಕಾರ ಆ ತುದಿಯ ಜಾಗವನ್ನು ಆಲಿವ್ ಎಣ್ಣೆಯ ಗಾಣ ಕಟ್ಟಲು ರೈತರ ಸಂಘಕ್ಕೆ ಕೊಟ್ಟಿತು.

ನಾನು ಬಂದ ಆ ಬೇಸಿಗೆ, ಓಟದ ದಾರಿಯ ಪಕ್ಕದಲ್ಲಿ ನೂರು ಅಡಿಗೊಂದರಂತೆ ನೆಡುತ್ತಿದ್ದ ಗುರುತುಗಲ್ಲುಗಳಲ್ಲಿ ಎರಡು ಸಿಕ್ಕವು. ನನಗೆ ಕುತೂಹಲ ತಡೆಯಲಾಗಲಿಲ್ಲ. ಮೂರು ಸಲ ಅಳೆದೆ. ಮೂರು ಸಲವೂ ನಡುವೆ ಇಪ್ಪತ್ತೊಂಬತ್ತೂವರೆ ಮೀಟರ್ ಚಿಲ್ಲರೆ. ಒಲಿಂಪಿಯಾದ ಲೆಕ್ಕಕ್ಕೆ ಮೂವತ್ತೆರಡು ಇರಬೇಕಿತ್ತು. ಆ ಕಾಲದಲ್ಲಿ ಊರಿಗೊಂದು ಅಡಿ ಇತ್ತೆಂಬುದು ನಮಗೆಲ್ಲ ಬಾಯಿಪಾಠ. ಈ ಊರಿನ ಅಡಿ ಎಷ್ಟೆಂದು ಮಾತ್ರ ಯಾರೂ ಕೇಳಿರಲಿಲ್ಲ. ಹಾಗಾದರೆ ಓಟ ಮುಗಿಯುತ್ತಿದ್ದುದು ಹದಿನೈದು ಮೀಟರ್ ಈಚೆಗೆ, ನಾವೇ ಅಗೆದು ಸುರಿದಿದ್ದ ಮಣ್ಣಿನ ದಿಬ್ಬದ ಕೆಳಗೆ. ಆ ದಿಬ್ಬವೂ ಗಾಣಕ್ಕೆ ಕೊಟ್ಟ ಜಾಗದೊಳಗೇ ಇತ್ತು.

ಗಾಣದ ಪಾಯ ತೋಡಲು ಎರಡು ವಾರ ಉಳಿದಿತ್ತು. ಅದೇ ತಿಂಗಳು, ಆ ಪುಸ್ತಕದ ಬಲದ ಮೇಲೆಯೇ, ಕಚೇರಿಯ ಮುಖ್ಯಸ್ಥರ ಹುದ್ದೆಗೆ ಮೇಡಂ ಹೆಸರು ಅಥೆನ್ಸಿಗೆ ಹೋಗಿತ್ತು. ಮೂರು ದಿನ ಹಿಂಜರಿದು, ನಾಲ್ಕನೆಯ ದಿನ ಅಳತೆಯ ಲೆಕ್ಕವನ್ನು ಮೇಡಂ ಮುಂದಿಟ್ಟೆ. ಅವರು ಮುಖ ಗಂಟಿಕ್ಕಿ, ಟೇಪು ಕಸಿದುಕೊಂಡು ತಾವೇ ಅಳೆದರು. ದಿಬ್ಬ ಸರಿಸಲು ಐದು ದಿನ ಹಿಡಿಯಿತು. ಕೆಳಗೆ ಕಲ್ಲುಸಾಲು ಒಂದಿಷ್ಟೂ ಮುಕ್ಕಾಗದೆ ಮಲಗಿತ್ತು.

"ಹನ್ನೊಂದು ವರ್ಷ ಇದರ ಮೇಲೇ ಕೂತು ಬ್ರೆಡ್ಡು, ಆಲಿವ್ ತಿಂದ್ವಲ್ಲ ಮೇಡಂ," ಎಂದ ಮೇಸ್ತ್ರಿ ಪನಾಗೋಸ್.

ಮೇಡಂ ಬಿದ್ದುಬಿದ್ದು ನಕ್ಕರು. ನನಗೆ ಅವರ ಹುದ್ದೆಯ ಚಿಂತೆ. ಹುದ್ದೆ ತೀರ್ಮಾನವಾಗುವ ತನಕ ಬೇರೆ ಏನಾದರೂ ನೆಪ ಹೇಳಿ ಗಾಣದ ಕೆಲಸ ನಿಲ್ಲಿಸಬಹುದಲ್ಲ ಎಂದೆ.

"ನೆಪ ಯಾಕೋ? ಗಲಾನು ತಪ್ಪು ಅಳೆದಳು ಅಂತ ಅಥೆನ್ಸಿಗೆ ಪತ್ರ ಬರಿ. ಕಂಡುಹಿಡಿದೋನು ನನ್ನ ಶಿಷ್ಯ ಅರ್ಗಿರಿಸ್ ಅಂತಾನೂ ಬರಿ. ನಾನು ಸಹಿ ಹಾಕ್ತೀನಿ."

ಗಾಣ ಊರಿನ ಇನ್ನೊಂದು ಬದಿಗೆ ಹೋಯಿತು. ಹುದ್ದೆ ಬೇರೊಬ್ಬರ ಪಾಲಾಯಿತು. ನನಗೆ ಕೆಲಸ ಸಿಕ್ಕಿದ್ದು ಆ ಪತ್ರದಿಂದ. ಮುಂದೆ ನನ್ನ ತಾಯಿ ಕಲಾಮಾತ ಪಟ್ಟಣದ ಆಸ್ಪತ್ರೆಯಲ್ಲಿದ್ದಾಗ ಮೇಡಂ ವಾರಕ್ಕೆರಡು ಸಲ ನನ್ನನ್ನು ಕಾರಿನಲ್ಲಿ ಕರೆದೊಯ್ದರು. ದಾರಿಯುದ್ದಕ್ಕೂ ಕಲ್ಲಿನ ಮಾತೇ; ಕೈತಪ್ಪಿದ ಹುದ್ದೆಯ ಮಾತು ಒಂದೂ ಇಲ್ಲ.

ಅವರಿಗೆ ಸಿಗದ ಆ ಕುರ್ಚಿಯಲ್ಲಿ ಈಗ ಐದು ವರ್ಷದಿಂದ ನಾನು ಕುಳಿತಿದ್ದೇನೆ. ಅವರ ನಿವೃತ್ತಿ ಪತ್ರಕ್ಕೆ ಸಹಿ ಹಾಕಿದವನೂ ನಾನೇ. ಮೇಡಂ ನೂರು ವರ್ಷ ಬಾಳಲಿ, ನಮ್ಮ ನೆಲವನ್ನು ಇನ್ನೂ ಅಳೆಯುತ್ತಿರಲಿ. ನಾನು ಬರೆದಿರುವುದರಲ್ಲಿ ತಪ್ಪು ಹಿಡಿದು ಅವರು ನನ್ನ ಬಾಗಿಲಿಗೆ ಬಂದ ದಿನ, ಅವರು ಹಾಕಿದಂಥ ಸಹಿ ಹಾಕುವ ಧೈರ್ಯ ನನಗೂ ಇರಲಿ.