ಪೊನ್ನಪ್ಪ ಅಂಕಲ್ ಕೆಮ್ಮದ ಬೆಳಿಗ್ಗೆ

ದೆಹಲಿಯ ಜನಕಪುರಿಯ ನಮ್ಮ ಗಲ್ಲಿಯಲ್ಲಿ ಹಾಲಿನವನಿಗಿಂತ ಮೊದಲು ಕೇಳಿಸುತ್ತಿದ್ದುದು ಪೊನ್ನಪ್ಪ ಅಂಕಲ್ ಅವರ ಕೆಮ್ಮು. ಸಿಂಕಿನ ಮೇಲೆ ಬಾಗಿ, ಎದೆಯ ತಳದಿಂದ ಕಫ ಎಬ್ಬಿಸಿ, ಕ್ಯಾಕರಿಸಿ ಉಗುಳಿ, ನಲ್ಲಿ ಬಿಟ್ಟು ತೊಳೆದು, ಇಸ್ತ್ರಿ ಮಾಡಿದ ಕರವಸ್ತ್ರದಲ್ಲಿ ಮೀಸೆ ಒರೆಸಿಕೊಂಡು ಹೊರಬರುತ್ತಿದ್ದರು. ಅವರ ಮನೆಯ ತಾರಸಿಯ ಕೋಣೆಯಲ್ಲಿ ಬಾಡಿಗೆಗಿದ್ದ ನನಗೆ ಅದೇ ಅಲಾರಾಂ. ನಾನು ಮುಖ ಸಿಂಡರಿಸಿದರೆ ನಗುತ್ತಿದ್ದರು. “ನಿಮ್ಮ ಆಫೀಸಲ್ಲಿ ಕಸ ಗುಡಿಸೋದಿಲ್ವೇನಪ್ಪ? ಇದೂ ಅಷ್ಟೇ.”

ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ಮಗಳೊಂದಿಗೆ ದೆಹಲಿಯಲ್ಲೇ ಉಳಿದಿದ್ದರು. ಅವರು ಸಿಗರೇಟು ಬಿಟ್ಟಿದ್ದರೂ ಅದು ಅವರ ಎದೆಯನ್ನು ಬಿಟ್ಟಿರಲಿಲ್ಲ. ಗ್ಯಾಸ್ ತರುವ ಭಯ್ಯಾ ಬಂದರೂ ಎದ್ದು ನಿಂತೇ ಮಾತಾಡುತ್ತಿದ್ದರು. ನನಗೆ ಜ್ವರ ಬಂದಾಗ ಮೆಣಸಿನ ಸಾರು ತಂದು, ಲೋಟ ಖಾಲಿಯಾಗುವವರೆಗೂ ಕಾವಲು ನಿಂತಿದ್ದರು.

ಆ ಚಳಿಗಾಲ ಕಫ ಹಳದಿಗೆ ತಿರುಗಿ ಗಟ್ಟಿಯಾಯಿತು. ಡಾಕ್ಟರಿಗೆ ತೋರಿಸಿ ಎಂದರೆ, ಮಗಳನ್ನು ನೋಡಲು ಫರೀದಾಬಾದಿನಿಂದ ಗಂಡಿನ ಕಡೆಯವರು ಬಂದುಹೋಗಲಿ ಎಂದರು. ಅವರೆದುರು ಕೆಮ್ಮಬಾರದೆಂದು ಕೆಮ್ಮು ಅಡಗಿಸುವ ಸಿರಪ್ ತಂದು ಕುಡಿಯತೊಡಗಿದರು. “ಹುಡುಗಿ ಅಪ್ಪ ರೋಗಿಷ್ಟ ಅಂತ ಆಗಬಾರದು ನೋಡು.”

ಗಂಡಿನ ಕಡೆಯವರು ಬರುವ ಭಾನುವಾರ ಬೆಳಿಗ್ಗೆ ಕೆಮ್ಮು ಕೇಳಿಸಲಿಲ್ಲ. ಎದುರುಮನೆಯ ಪಂಜಾಬಿ ಆಂಟಿ ಬಾಲ್ಕನಿಯಿಂದ, “ಆಜ್ ಫೌಜಿ ಸಾಬ್ ಛುಟ್ಟೀ ಪರ್ ಹೈಂ ಕ್ಯಾ?” ಎಂದರು, ಮಿಲಿಟರಿ ಸಾಹೇಬರಿಗೆ ಇವತ್ತು ರಜೆಯೇ ಎಂದು. ವಾಸಿಯಾಯಿತೆಂದು ನಮಗೆಲ್ಲ ಸಮಾಧಾನ. ಕುರ್ಚಿ ಜೋಡಿಸಲು ಕೆಳಗಿಳಿದೆ. ಅಂಕಲ್ ಕೋಟು, ಟೈ ಧರಿಸಿ ಮಂಚದ ಅಂಚಿನಲ್ಲಿ ಮೊಣಕಾಲಿಗೆ ಕೈಯೂರಿ ಕೂತಿದ್ದರು. ನನ್ನನ್ನು ನೋಡಿಯೂ ಏಳಲಿಲ್ಲ. ಎದೆಯೊಳಗೆ ಹುಕ್ಕಾದಂಥ ಗುಳುಗುಳು ಸದ್ದು. ತುಟಿ ನೀಲಿ.

“ಕಫ ಬರ್ತಾ ಇಲ್ಲಪ್ಪ,” ಎಂದರು, ನಡುವೆ ಉಸಿರು ಎಳೆದುಕೊಂಡು.

ರೇಷ್ಮೆ ಸೀರೆಯಲ್ಲೇ ಓಡಿ ಮಗಳು ಆಟೋ ತಂದಳು. ಮಂಜಿನಲ್ಲಿ ಮುಂದಿನ ಬಸ್ಸಿನ ಕೆಂಪು ದೀಪ ಕಾಣುತ್ತಿತ್ತು, ಬಸ್ಸು ಕಾಣುತ್ತಿರಲಿಲ್ಲ. ಅವರನ್ನು ತಬ್ಬಿ ಕೂತು, ಒಂದು ಉಸಿರು ಮುಗಿದರೆ ಇನ್ನೊಂದಕ್ಕೆ ಕಾಯುತ್ತಿದ್ದೆ. ಆ ದಾರಿ ನನಗೆ ಇಂದಿಗೂ ಮುಗಿದಿಲ್ಲ.

ನ್ಯುಮೋನಿಯಾ. ಕೆಮ್ಮು ನಿಂತದ್ದು ಗುಣವಾಗಿ ಅಲ್ಲ, ಹೊರಬರಬೇಕಾದ ಕಫ ಒಳಗೇ ತುಂಬಿಕೊಂಡಿದೆ, ಕೆಮ್ಮಲು ತ್ರಾಣವೂ ಉಳಿದಿಲ್ಲ ಎಂದರು ಡಾಕ್ಟರು. ಆಮ್ಲಜನಕ ಕೊಟ್ಟು, ಔಷಧಿ ಏರಿಸಿ, ಬೆನ್ನು ತಟ್ಟಿ ತಟ್ಟಿ ಅದನ್ನು ಹೊರಗೆ ತರಿಸಿದರು. ಗಂಡಿನ ಕಡೆಯವರು ಆಸ್ಪತ್ರೆಗೇ ಬಂದರು. ಅಂಕಲ್ ಕೆಮ್ಮುವಾಗ ಬಟ್ಟಲು ಹಿಡಿದು ನಿಂತವರು ಹುಡುಗನ ತಂದೆ. ಮದುವೆ ಅಲ್ಲೇ ನಿಶ್ಚಯವಾಯಿತು.

ಮಗಳ ಮದುವೆ ಮುಗಿಸಿ ಅಂಕಲ್ ಕೊಡಗಿಗೆ ಹೊರಟಾಗ ಸ್ಟೇಷನ್ನಿಗೆ ಹೋಗಿದ್ದೆ. ಆಮೇಲೆ ಅವರನ್ನು ನೋಡಲಾಗಲಿಲ್ಲ. ರೈಲಿನ ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಏನೇನೋ ಹೇಳಿದರು. ಅದರಲ್ಲಿ ಒಂದು ಮಾತೂ ನೆನಪಿಲ್ಲ. ನಾನು ಅವರ ತುಟಿಯ ಬಣ್ಣವನ್ನೇ ನೋಡುತ್ತಿದ್ದೆ.