ಮೆಂತ್ಯ ಘಮದ ಕೂಸು

ನಮ್ಮ ಬೀದಿಗೆಲ್ಲ ನಾನು ಡಾಕ್ಟರಕ್ಕ. ಪಟ್ಟಂದೂರು ಅಗ್ರಹಾರದ ಈ ಮನೆಗೆ ಬಂದ ಹೊಸದರಲ್ಲಿ, ಬಾಗಿಲಿನ ಹಲಗೆಯ ಮೇಲೆ ನನ್ನ ಹೆಸರಿನ ಹಿಂದಿದ್ದ ‘ಡಾ.’ ನೋಡಿ ಓನರ್ ಮನೆಯ ಹಿರಿಯಮ್ಮ ಒಂದು ಸಂಜೆ ಮಂಡಿ ನೋವು ತೋರಿಸಲು ಮಹಡಿ ಹತ್ತಿ ಬಂದಿದ್ದರು. ನಾನು ಆ ಡಾಕ್ಟರಲ್ಲ ಅಂದೆ.

“ಅಂಗಾರೆ ಯಾವ ಡಾಕ್ಟ್ರವ್ವ ನೀನು?”

“ತಿಂದಿದ್ದು ಒಳಗೆ ಹೋಗಿ ಏನಾಗುತ್ತೆ ಅಂತ ನೋಡೋ ಡಾಕ್ಟರು.”

“ಅದ್ರಾಗೇನವ್ವ ನೋಡಾದು? ಬೆಳಗಾಗೆದ್ರೆ ಎಲ್ರಿಗೂ ಗೊತ್ತಾಯ್ತದಲ್ಲ!”

ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಅವತ್ತು ನಗು ಬಂತು. ಮೂರು ದಶಕ ಓದಿ ದುಡಿದದ್ದನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. ಒಂದು ಲೋಟ ಕಾಫಿ ಕೊಟ್ಟು, ಮಂಡಿಗೆ ಬಿಸಿ ನೀರಿನ ಶಾಖ ಕೊಡಿ ಎಂದು ಹೇಳಿ ಕಳಿಸಿದೆ.

ನಾನು ನೋಡುತ್ತಿದ್ದದ್ದು ಇದು. ಬೇಳೆ, ಹಾಲು, ಮೊಟ್ಟೆ, ಏನೇ ತಿನ್ನಲಿ, ಅದರ ಪ್ರೋಟೀನು ಒಳಗೆ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಅವುಗಳಲ್ಲಿ ಮೂರನ್ನು ಉರಿಸುವುದಕ್ಕೆ ಇರುವುದು ಒಂದೇ ಕಿಣ್ವ. ಅದು ಇಲ್ಲದೆಯೇ ಹುಟ್ಟುವ ಮಕ್ಕಳು ಎಲ್ಲೋ ಕೆಲವು ಇರುತ್ತವೆ. ಗರ್ಭದಲ್ಲಿ ತಾಯಿಯ ದೇಹವೇ ಆ ಕೆಲಸವನ್ನೂ ನೋಡಿಕೊಳ್ಳುತ್ತದೆ. ಹುಟ್ಟಿ, ತಾಯಿ ಹಾಲು ಕುಡಿಯಲು ಶುರುಮಾಡಿದ ಮೇಲೆ ಉರಿಯದೆ ಉಳಿದದ್ದು ರಕ್ತದಲ್ಲಿ ತುಂಬಿಕೊಂಡು ಮಿದುಳಿಗೆ ಏರುತ್ತದೆ. ಮಗು ನಿದ್ದೆ ಹೋಗುತ್ತದೆ. ಏಳಿಸದಿದ್ದರೆ ಏಳುವುದೇ ಇಲ್ಲ. ಅದರ ಮೂತ್ರ, ಕಿವಿಯ ಗುಗ್ಗೆ ಎಲ್ಲ ಸಿಹಿಯಾಗಿ ಘಮಘಮಿಸುತ್ತದೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ.

ಯಾವ ಘಮ? ಮೇಪಲ್ ಮರದ ಪಾಕದ ಘಮವಂತೆ. ಆ ಮರವನ್ನೇ ನೋಡದವಳು ನಾನು. ಕೆನಡಾದಿಂದ ಮರಳಿದ ಸಹೋದ್ಯೋಗಿಯೊಬ್ಬಳು ಒಂದು ಬಾಟಲಿ ಪಾಕ ತಂದಾಗ, ಲ್ಯಾಬಿನ ಊಟದ ಕೋಣೆಯಲ್ಲಿ ಎಲ್ಲರೂ ಅದನ್ನು ದೋಸೆಯ ಮೇಲೆ ಸುರಿದುಕೊಂಡು ಚಪ್ಪರಿಸಿದರು. ನಾನು ಮುಚ್ಚಳ ಮೂಸಿ ಕಣ್ಣು ಮುಚ್ಚಿದೆ. ನಮ್ಮಜ್ಜಿ ಸಾರಿನ ಪುಡಿಗೆ ಮೆಂತ್ಯ ಹುರಿಯುತ್ತಿದ್ದಳು, ಪಕ್ಕದಲ್ಲಿ ಬೆಲ್ಲದ ಪಾಕ ಒಂದಿಷ್ಟು ಸೀದಿತ್ತು. ಅಷ್ಟೇ, ಅದೇ ಘಮ. ನನ್ನ ಮೂಗಿನ ತಪ್ಪೇನೂ ಅಲ್ಲ, ಎರಡರಲ್ಲೂ ಇರುವುದು ಒಂದೇ ಅಣು. ಅವತ್ತು ಮಧ್ಯಾಹ್ನವೆಲ್ಲ ಯಂತ್ರದ ಮುಂದೆ ಕೂತು ಕೆಲಸ ಮಾಡದೆ ಅಜ್ಜಿಯ ಅಡುಗೆಮನೆಯಲ್ಲಿ ಅಡ್ಡಾಡುತ್ತಿದ್ದೆ.

ನನಗೆ ಹೀಗೆ ಕಳೆದುಹೋಗುವ ಚಾಳಿ ಮೊದಲಿನಿಂದಲೂ ಇದೆ. ಸಂಜೆ ಮಾರತ್ತಹಳ್ಳಿ ಕಡೆಯ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದರೆ, ಗಾಜಿನ ಕಟ್ಟಡಗಳ ದೀಪಗಳು ಒಂದರ ಮೇಲೊಂದು ಕರಗಿ ಹರಿಯುತ್ತವೆ. ಬಸ್ಸಿನಲ್ಲಿ ತೂಕಡಿಸುವವರ ಒಳಗೆಲ್ಲ ಮಧ್ಯಾಹ್ನದ ಮುದ್ದೆ, ಚಪಾತಿ, ಬಿರಿಯಾನಿ ಸದ್ದಿಲ್ಲದೆ ಉರಿಯುತ್ತಿರುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ, ಬರೀ ಮೈ ಬೆಚ್ಚಗಿರುತ್ತದೆ. ಅದನ್ನು ನೆನೆಯುತ್ತಾ ಎಷ್ಟೋ ಸಲ ನನ್ನ ಸ್ಟಾಪು ದಾಟಿ ಹೋಗಿದ್ದೇನೆ.

ಇಷ್ಟಾದರೂ ಆ ಕಾಯಿಲೆಯ ಒಂದು ಮಗುವನ್ನೂ ನಾನು ಕಂಡಿರಲಿಲ್ಲ. ಇಲಿಯ ಯಕೃತ್ತು, ಗಾಜಿನ ತಟ್ಟೆಯಲ್ಲಿ ಬೆಳೆದ ಜೀವಕೋಶ, ಪರದೆಯ ಮೇಲೆ ಏರಿಳಿಯುವ ಗೆರೆಗಳು, ನನಗೆ ಗೊತ್ತಿದ್ದದ್ದು ಇಷ್ಟೆ. ಅಮ್ಮ ಇದ್ದಾಗ ನನ್ನ ಕೆಲಸವನ್ನು ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದು ಅನ್ನುತ್ತಿದ್ದಳು. ನನಗೂ ಕೆಲವು ಸಲ ಹಾಗೆ ಅನ್ನಿಸಿದ್ದುಂಟು.

ಕೆಳಗಿನ ಶೀಟಿನ ಕೋಣೆಗೆ ಯಾದಗಿರಿ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದರು. ಅವನು ಕಟ್ಟಡದ ಕೆಲಸದಲ್ಲಿ ಸೆಂಟ್ರಿಂಗ್ ಹೊಡೆಯುವವನು. ಅವಳಿಗೆ ತುಂಬು ತಿಂಗಳು. ತಾಯಿ ತೀರಿಕೊಂಡಿದ್ದರಿಂದ ತವರಿಗೆ ಹೋಗುವಂತಿರಲಿಲ್ಲ. ಬಾಣಂತನಕ್ಕೆ ಅತ್ತೆಯೇ ಊರಿನಿಂದ ಬಂದಳು. ಅತ್ತೆ ಅಂದರೆ ಅವಳಿಗೆ ಅಜ್ಜಿಯೂ ಹೌದು, ತಾಯಿಯ ತಾಯಿ. ಸೋದರಮಾವನನ್ನೇ ಮದುವೆಯಾಗಿದ್ದ ಹುಡುಗಿ. ಸತ್ತ ಮಗಳ ಬಾಣಂತನವನ್ನೇ ಮತ್ತೊಮ್ಮೆ ಮಾಡುತ್ತಿರುವ ಹಾಗೆ ಮುದುಕಿ ಸಡಗರದಲ್ಲಿದ್ದಳು.

ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಮುದುಕಿ ಮೆಂತ್ಯ ಹುರಿದು, ಬೆಲ್ಲ, ಕೊಬ್ಬರಿ, ತುಪ್ಪ ಹಾಕಿ ಉಂಡೆ ಕಟ್ಟಿದಳು. ಮೆಟ್ಟಿಲ ತುಂಬ ಅದೇ ಘಮ. ಬಟ್ಟೆ ಒಣಗಿಸಿದರೆ ಬಟ್ಟೆಗೂ ಹತ್ತುತ್ತಿತ್ತು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ಆ ಹುಡುಗ ಮೆಟ್ಟಿಲ ಬಳಿ ಎದುರಾದಾಗ ಅವನ ಮೈಯಿಂದಲೂ ಮೆಂತ್ಯ ಘಮ್ಮೆಂದಿತು. ಬಾಣಂತನ ಇವನಿಗೇ ಮಾಡುತ್ತಿದ್ದಾರೋ ಏನೋ ಎಂದು ಮನಸ್ಸಿನಲ್ಲೇ ನಕ್ಕೆ.

ಒಂದು ಭಾನುವಾರ ಅಂಗಿ, ಟೋಪಿ ತೆಗೆದುಕೊಂಡು ಕೂಸನ್ನು ನೋಡಲು ಹೋದೆ. ಲೋಬಾನದ ಹೊಗೆಯಲ್ಲಿ ಕೋಣೆ ಮಂಜು ಮುಸುಕಿದ ಹಾಗಿತ್ತು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಹುಡುಗಿ ಮೂಲೆಯಲ್ಲಿ ಒರಗಿದ್ದಳು.

“ಬರ್ರಿ ಡಾಕ್ಟರಕ್ಕಾರ, ಕುಂದರ್ರಿ. ನಮ್ಮ ಕೂಸು ಭಾಳ ಶ್ಯಾಣೇದ ನೋಡ್ರಿ, ಅಳೂದಿಲ್ಲ, ಕಾಡೂದಿಲ್ಲ,” ಎಂದು ಮುದುಕಿ ಅದನ್ನು ನನ್ನ ಮಡಿಲಿಗೆ ಹಾಕಿದಳು.

ಹತ್ತು ದಿನ ತುಂಬಿರದ ಜೀವ. ನೆತ್ತಿಯ ಹತ್ತಿರ ಮುಖ ತಂದೆ. ಕಿವಿಯ ಹಿಂದಿನಿಂದ ಸೀದ ಬೆಲ್ಲದ, ಮೆಂತ್ಯದ ಘಮ ಬಂತು. ಒಂದು ಕ್ಷಣ ಪುಸ್ತಕದ ಪುಟವೇ ನನ್ನ ಮಡಿಲಲ್ಲಿ ಮಲಗಿದಂತಾಯಿತು. ಆಮೇಲೆ ಸುತ್ತ ನೋಡಿದೆ. ಡಬ್ಬಿಯ ತುಂಬ ಉಂಡೆ. ತಾಯಿ ತಿಂದ ಮೆಂತ್ಯದ ಘಮ ಮಗುವಿಗೆ ಇಳಿಯುವುದು ನಮ್ಮವರಿಗೆ ಹೊಸದಲ್ಲ, ವಿಜ್ಞಾನಕ್ಕೂ ಗೊತ್ತಿರುವ ಸಂಗತಿ.

“ದಿನಾ ಉಂಡೆ ತಿನ್ತಿದಾಳಾ?” ಎಂದು ಕೇಳಿದೆ.

“ಮುಂಜಾನಿಗೊಂದು, ಸಂಜಿಗೊಂದು, ನನ್ನ ಕೈಯಾರ ಕೊಡ್ತೀನ್ರಿ,” ಎಂದಳು ಮುದುಕಿ. ನನಗೂ ಒಂದು ಕೊಟ್ಟಳು. ತಿಂದುಕೊಂಡು ಮೇಲೆ ಬಂದೆ.

ಮಧ್ಯಾಹ್ನ ಹಾಗೇ ಕಣ್ಣು ಹತ್ತಿತು. ಕನಸಿನಲ್ಲಿ ನನ್ನ ಲ್ಯಾಬಿನ ಶೀಷೆಗಳೆಲ್ಲ ತೊಟ್ಟಿಲಂತೆ ತೂಗುತ್ತಿದ್ದವು. ಯಾವುದರಲ್ಲೂ ಅಳುವಿಲ್ಲ. ಎಚ್ಚರವಾದಾಗ ನನ್ನ ಬೆವರಿಗೂ ಸಣ್ಣಗೆ ಮೆಂತ್ಯದ ವಾಸನೆ ಬಂದಂತಿತ್ತು. ಸದ್ಯ, ಇದು ಉಂಡೆಯದೇ ವಾಸನೆ, ಭಯ ನನ್ನ ಹುಚ್ಚು ಎಂದು ಸಮಾಧಾನ ಮಾಡಿಕೊಂಡೆ. ಆದರೆ ‘ಅಳೂದಿಲ್ಲ’ ಎಂಬ ಮಾತು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಅವರ ಬಾಗಿಲ ಮುಂದೆ ನಿಂತೆ. ಹುಡುಗಿ ಒಬ್ಬಳೇ ಇದ್ದಳು. ಕೂಸಿಗೆ ದೃಷ್ಟಿಯಾಗಿದೆ ಎಂದು ಮುದುಕಿ ತಾಯತ ಮಾಡಿಸಿಕೊಂಡು ಬರಲು ಹೋಗಿದ್ದಳು.

“ಮೊಲಿ ಹಿಡೀವಲ್ದು ಅಕ್ಕಾರ. ಬರೇ ಮಲಗತದ,” ಅಂದಳು.

ಕೂಸನ್ನು ಎತ್ತಿಕೊಂಡೆ. ಅಂಗಾಲಿಗೆ ಬೆರಳಿಂದ ಹೊಡೆದರೂ ಕಣ್ಣು ಬಿಡಲಿಲ್ಲ. ಘಮ ನಿನ್ನೆಗಿಂತ ಗಾಢವಾಗಿತ್ತು. “ಎರಡು ದಿನ ಆ ಉಂಡೆ ನಿಲ್ಲಿಸಮ್ಮ, ಆಗ ಗೊತ್ತಾಗುತ್ತೆ,” ಎಂದೆ.

ಹುಡುಗಿ ಬಾಗಿಲ ಕಡೆ ನೋಡಿದಳು. ಆಮೇಲೆ ಪಿಸುಗುಟ್ಟಿದಳು: “ನಾ ಒಂದೂ ತಿಂದಿಲ್ರಿ ಅಕ್ಕಾರ. ಕಹಿ ಅಂದ್ರ ಕಹಿ, ಗಂಟಲದಾಗ ಇಳೀವಲ್ದು. ಆಯಿ ಆಕಡೆ ಹೋದಕೂಡ್ಲೆ ನಮ್ಮ ಮನಿಯವ್ರ ಡಬ್ಬ್ಯಾಗ ಹಾಕಿ ಕಳಸ್ತೀನ್ರಿ. ಅವ್ರೇ ತಿಂತಾರ. ಆಯಿಗಿ ಹೇಳಬ್ಯಾಡ್ರಿ, ಭಾಳ ಮನಸಿಗಿ ಹಚ್ಕೋತಾಳ.”

ತಾಯಿ ಮೆಂತ್ಯ ಮುಟ್ಟಿಲ್ಲ. ಹಾಗಾದರೆ ಈ ಘಮ ಕೂಸಿನದೇ.

ಅವಳನ್ನು ಆಸ್ಪತ್ರೆಗೆ ಹೊರಡಿಸಿ ಬೀದಿಗಿಳಿಯುವಾಗ ಮುದುಕಿಯೂ ಬಂದಳು. ಏನು ಎತ್ತ ಕೇಳದೆ ಆಟೋ ಹತ್ತಿದಳು. ಟೆಕ್ ಪಾರ್ಕಿನ ಮುಂದೆ ವಾಹನಗಳು ಇಂಚಿಂಚೇ ಸರಿಯುತ್ತಿದ್ದವು. ಗಾಜಿನ ಗೋಡೆಗಳಲ್ಲಿ ನಮ್ಮ ಆಟೋ ಕಂಡು ಕಂಡು ಮರೆಯಾಗುತ್ತಿತ್ತು. ಅದರೊಳಗಿರುವುದು ನಾವೇ ಎಂದು ನಂಬಲಾಗುತ್ತಿರಲಿಲ್ಲ. ನಾನು ಇನ್ನೂ ಹೆಸರಿಡದ ಕೂಸಿನ ಮುಖ ನೋಡುತ್ತಾ, ಅದರ ಒಳಗೆ ಉರಿಯದೆ ಕೂತ ಆ ಮೂರನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಶಪಿಸಿದೆ. ಅವು ನನಗೆ ಅನ್ನ ಕೊಟ್ಟಿದ್ದವು, ಹೆಸರು ಕೊಟ್ಟಿದ್ದವು. ಅವತ್ತು ಅವು ವೈರಿಗಳಾಗಿ ಕಂಡವು.

ಆಸ್ಪತ್ರೆಯ ಮಕ್ಕಳ ಡಾಕ್ಟರು ಚಿಕ್ಕ ವಯಸ್ಸಿನವರು. ತಾಳ್ಮೆಯಿಂದ ನೋಡಿದರು. ನನ್ನ ಅನುಮಾನ ಹೇಳಿದೆ. ಅವರೂ ಕೂಸನ್ನು ಮೂಸಿ, ಮುದುಕಿಯ ಕಡೆ ತಿರುಗಿದರು. “ಅಜ್ಜಿ, ಬಾಣಂತಿಗೆ ಮೆಂತ್ಯ ಕೊಡ್ತಿದೀರಾ?”

“ಹೂನ್ರಿ ಸಾಹೇಬ್ರ! ಮುಂಜಾನಿಗೊಂದು ಉಂಡಿ, ಸಂಜಿಗೊಂದು.”

ಅವರು ನಕ್ಕರು. “ಅದೇ ವಾಸನೆ ಮೇಡಂ, ತುಂಬಾ ಜನರಲ್ಲಿ ನೋಡಿದೀನಿ. ಮಗು ಡಲ್ ಆಗಿದೆ, ನಂಜಾಗಿರಬಹುದು. ಅಡ್ಮಿಟ್ ಮಾಡ್ಕೊಂಡು ಆಂಟಿಬಯಾಟಿಕ್ ಶುರು ಮಾಡ್ತೀನಿ. ತಾಯಿ ಹಾಲು ಮಾತ್ರ ನಿಲ್ಲಿಸ್ಬೇಡಿ, ಸ್ವಲ್ಪ ಸ್ವಲ್ಪ ಕುಡಿಸ್ತಾ ಇರಿ.”

ಬೇರೆ ಯಾವ ಮಗುವಿಗಾದರೂ ಅದು ಸರಿಯಾದ ಮಾತು. ಈ ಮಗುವಿಗೆ ಆ ಹಾಲೇ ಕುತ್ತು. ಹುಡುಗಿಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಪಕ್ಕದಲ್ಲಿ ಮುದುಕಿ ತಾಯತ ಹಿಡಿದು ನಿಂತಿದ್ದಳು. ಹುಡುಗಿಗೆ ಮಾತು ಕೊಟ್ಟಿರಲಿಲ್ಲ, ಆದರೂ ಮುದುಕಿಯ ಎದೆ ಒಡೆಯುವುದು ನನಗೆ ಬೇಕಿರಲಿಲ್ಲ. ಲ್ಯಾಬಿನಲ್ಲಿ ಮಾತೆತ್ತಿದರೆ ಇಂಗ್ಲಿಷು ಸುರಿಯುವವರನ್ನು ಕಂಡರೆ ರೇಗುವವಳು ನಾನು. ಅವತ್ತು ಆ ಇಂಗ್ಲಿಷೇ ಕೈ ಹಿಡಿಯಿತು. ತಾಯಿ ಒಂದೇ ಒಂದು ಉಂಡೆಯನ್ನೂ ತಿಂದಿಲ್ಲ, ಎಲ್ಲ ಗಂಡ ತಿಂದಿದ್ದಾನೆ, ಅಪ್ಪನೆಂದರೆ ತಾಯಿಯ ಸೋದರಮಾವ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದೆ.

ಡಾಕ್ಟರ ನಗು ನಿಂತಿತು. ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಈ ಕಾಯಿಲೆ ಹೆಚ್ಚು ಎಂದು ಅವರಿಗೂ ಗೊತ್ತಿತ್ತು. ಎದ್ದು ಒಳಗೆ ಹೋದರು. ಹಾಲು ನಿಂತಿತು, ಗ್ಲೂಕೋಸ್ ಏರಿತು. ಕೂಸಿನ ಹಿಮ್ಮಡಿಯಿಂದ ದಪ್ಪ ಕಾಗದದ ಮೇಲೆ ರಕ್ತದ ಚುಕ್ಕಿ ತೆಗೆದು ನನ್ನ ಕೈಗೂ ಒಂದು ಕೊಟ್ಟರು. ಆಸ್ಪತ್ರೆಯ ವರದಿ ಬರುವ ಮುಂಚೆ ನಾನು ನಮ್ಮ ಲ್ಯಾಬಿನ ಯಂತ್ರದಲ್ಲಿ ನೋಡಲೆಂದು.

ಆ ಸಂಜೆ ಪರದೆಯ ಮೇಲೆ ಗೆರೆ ಏರುತ್ತಾ ಹೋಯಿತು. ಅಂಥ ಶಿಖರವನ್ನು ಪುಸ್ತಕದಲ್ಲಿ ನೋಡಿ ಎಷ್ಟು ಸಲ ಮೆಚ್ಚಿದ್ದೆನೋ. ಈಗ ಅದು ಇಳಿಯಲಿ, ನನ್ನ ಲೆಕ್ಕ ಸುಳ್ಳಾಗಲಿ, ನಾನು ಮೂರ್ಖಳಾಗಲಿ ಎಂದು ಬೇಡಿಕೊಂಡೆ. ಇಳಿಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಯಂತ್ರದ ಪಕ್ಕದಲ್ಲೇ ಕೂತು ಅತ್ತೆ.

ಕೂಸು ಉಳಿಯಿತು. ಹಾಗೆಂದು ಒಂದೇ ಮಾತಿನಲ್ಲಿ ಬರೆಯಬಹುದು. ಆದರೆ ರಕ್ತ ಶುದ್ಧಿ ಮಾಡುವ ಯಂತ್ರದ ಪಕ್ಕದಲ್ಲಿ ಗಂಡ, ಹೆಂಡತಿ, ಮುದುಕಿ ಮೂವರೂ ನಿಂತದ್ದನ್ನು ನೋಡಿದ ನನಗೆ ಅದು ಒಂದು ಮಾತಲ್ಲ. ಕೂಸು ಮೊದಲ ಸಲ ಜೋರಾಗಿ ಅತ್ತಾಗ ಮುದುಕಿ ಕುಣಿದಾಡಿಬಿಟ್ಟಳು. ಹುಡುಗಿ ಮಾತ್ರ ನನ್ನ ಪಕ್ಕ ಬಂದು, “ನನ್ನ ಹಾಲೇ ಇಕಿಗಿ ವಿಷ ಆತೇನ್ರಿ ಅಕ್ಕಾರ?” ಎಂದು ಕೇಳಿದಳು. ಇಲ್ಲಮ್ಮ, ಹಾಲು ಹಾಲೇ, ಕೂಸಿನೊಳಗೆ ಅದನ್ನು ಉರಿಸುವ ಒಲೆ ಹತ್ತಿಲ್ಲ ಅಷ್ಟೆ ಎಂದೆ. ಅವಳಿಗೆ ಸಮಾಧಾನವಾಯಿತೋ ಇಲ್ಲವೋ ಗೊತ್ತಿಲ್ಲ. ನನಗೆ ಆಗಲಿಲ್ಲ.

ಈಗ ಅವಳ ಮಗಳು ಅಂಗನವಾಡಿಗೆ ಹೋಗುತ್ತಾಳೆ. ಅನ್ನವೂ ಅಳತೆಯಲ್ಲಿ. ಬೇಳೆ, ಮೊಟ್ಟೆ, ಹಾಲು ಇಲ್ಲ. ಆ ಮೂರಿಲ್ಲದ ಬೇರೆಯದೇ ಹಾಲಿನ ಪುಡಿ ಕುಡಿಯುತ್ತಾಳೆ. ಹುಟ್ಟುಹಬ್ಬದ ಮನೆಗಳಲ್ಲಿ ಬೇರೆ ಮಕ್ಕಳ ಕೈಯಲ್ಲಿರುವ ಕೇಕನ್ನು ನೋಡುತ್ತಾ ನಿಲ್ಲುತ್ತಾಳೆ. ಜ್ವರ ಬಂದರೆ ನಾವೆಲ್ಲ ಉಸಿರು ಹಿಡಿದುಕೊಳ್ಳುತ್ತೇವೆ, ಯಾಕೆಂದರೆ ಜ್ವರದಲ್ಲಿ ಮೈಯೇ ತನ್ನ ಮಾಂಸವನ್ನು ಕರಗಿಸಿ ಆ ಮೂರನ್ನು ರಕ್ತಕ್ಕೆ ಸುರಿಯುತ್ತದೆ.

ಮುದುಕಿ ಊರಿಗೆ ಮರಳಲೇ ಇಲ್ಲ. “ನನ್ನ ಮೆಂತೆ ಉಂಡಿ ವಾಸನಿ ಹಿಡ್ಕೊಂಡೇ ಡಾಕ್ಟರಕ್ಕಾರು ಕೂಸಿನ ಜಡ್ಡು ಕಂಡುಹಿಡದ್ರು,” ಎಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾಳೆ. ಆಗ ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ, ಮಗ ಸುಮ್ಮನೆ ತಲೆ ಕೆರೆದುಕೊಳ್ಳುತ್ತಾನೆ, ನಾನು ಹೂಂ ಅನ್ನುತ್ತೇನೆ. ಉಂಡೆಯ ಮೇಲೆ ಅಷ್ಟು ಅಭಿಮಾನದ ಮುದುಕಿಯೇ ಮನೆಯೊಳಗೆ ಮೆಂತ್ಯ ತರಬಾರದು ಎಂದು ಕಟ್ಟಪ್ಪಣೆ ಮಾಡಿದ್ದಾಳೆ. ಆ ವಾಸನೆ ಬಂದರೆ ಅದು ಕೂಸಿನದೇ ಎಂದು ಗೊತ್ತಾಗಬೇಕು, ಅನುಮಾನಕ್ಕೆ ಎಡೆಯಿರಬಾರದು. ನಾನೂ ಮೆಂತ್ಯ ಬಿಟ್ಟೆ. ದೋಸೆ ಮೊದಲಿನ ಹಾಗೆ ಆಗುವುದಿಲ್ಲ, ಆಗದಿದ್ದರೆ ಬೇಡ.

ದಿನಾ ಬೆಳಿಗ್ಗೆ ಹಾಲಿನ ಗಾಡಿಗಳು ಹೋದ ಮೇಲೆ, ಐಟಿ ಬಸ್ಸುಗಳು ಬರುವ ಮುಂಚೆ, ಬೀದಿಯಲ್ಲಿ ಒಂದಿಷ್ಟು ಹೊತ್ತು ಸದ್ದಿರುವುದಿಲ್ಲ. ಆಗ ನಾನು ಮಹಡಿಯ ಕಟ್ಟೆಗೆ ಒರಗಿ ಅರೆನಿದ್ದೆಯಲ್ಲೇ ನಿಂತಿರುತ್ತೇನೆ. ಕೆಳಗೆ ಹುಡುಗಿ ಮಗಳನ್ನು ಬಾಗಿಲ ಬೆಳಕಿಗೆ ಕೂರಿಸಿಕೊಂಡು, ಜಡೆ ಹಾಕುವ ಮೊದಲು ನೆತ್ತಿಗೆ, ಕಿವಿಯ ಹಿಂದಕ್ಕೆ ಮೂಗು ಹಚ್ಚುತ್ತಾಳೆ. ಮಗಳು ಕಚಗುಳಿಯಾಗಿ ಕಿಲಕಿಲ ನಗುತ್ತಾಳೆ. ತಾಯಿ ನಗುವುದಿಲ್ಲ, ಉಸಿರೆಳೆದು ಒಂದು ಕ್ಷಣ ಹಾಗೇ ಇರುತ್ತಾಳೆ. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡುತ್ತಾಳೆ.

“ಏನೂ ಇಲ್ರಿ ಅಕ್ಕಾರ. ಬರೇ ಕೊಬ್ರಿ ಎಣ್ಣಿ.”

ಅದು ಕೇಳಿಸಿದ ಮೇಲೆ ನಾನು ಒಳಗೆ ಹೋಗಿ ಕಾಫಿಗೆ ನೀರಿಡುತ್ತೇನೆ.